ರಾತ್ರಿ ಗೂಡಿನೊಳಗೇ ಕೋಳಿ ಸಾಯ್ತಿವೆ, ಹಗಲು ಮರಿ ಕಾಣೆ: ಮೊದಲು ಯಾವುದನ್ನು ಸರಿ ಮಾಡಬೇಕು?

ಬದುವಿನಬಳ್ಳಿ:

ಎಲ್ಲರಿಗೂ ನಮಸ್ಕಾರ. 25 ನಾಟಿ ಕೋಳಿಗಳಿವೆ, ಜೊತೆಗೆ ಮರಿ ಕಟ್ಟಿಕೊಂಡು ಓಡಾಡುವ ಎರಡು ಹೇಂಟೆ. ಗೂಡು 10 ಅಡಿ ಉದ್ದ, 6 ಅಡಿ ಅಗಲ. ಮರದ ಕಂಬ, ಸುತ್ತ ಆರು ಮೂಲೆ ಕಣ್ಣಿನ ಕೋಳಿ ಜಾಲರಿ, ಮೇಲೆ ಅಲೆ ಅಲೆ ತಗಡಿನ ಶೀಟು, ನೆಲ ಮಣ್ಣು. ಹಗಲು ಕಾಲು ಎಕರೆಯಲ್ಲಿ ಬಿಟ್ಟು ಮೇಯಿಸುವುದು.

ಒಂದೇ ರಾತ್ರಿ ಮೂರು ಕೋಳಿ ಗೂಡಿನಲ್ಲೇ ಸತ್ತು ಬಿದ್ದಿದ್ದವು. ಎರಡಕ್ಕೆ ಕುತ್ತಿಗೆಯಲ್ಲಿ ಮಾತ್ರ ಗಾಯ, ಮೈ ತಿಂದಿಲ್ಲ. ಇನ್ನೊಂದು ಜಾಲರಿಗೆ ಒತ್ತಿಕೊಂಡು ಬಿದ್ದಿತ್ತು, ತಲೆಯೇ ಇಲ್ಲ. ಗೂಡಿನ ಬುಡದಲ್ಲಿ ಒಂದು ಕಡೆ ಮಣ್ಣು ಕೆದರಿದೆ. ಇದಲ್ಲದೆ ಹಗಲು ಹೊತ್ತಲ್ಲಿ ಮರಿಗಳು ಒಂದೊಂದೇ ಕಡಿಮೆಯಾಗುತ್ತಿವೆ, ಪುಕ್ಕ ಕೂಡ ಸಿಗುವುದಿಲ್ಲ. ಕೇಳಿದವರೆಲ್ಲ ಮುಂಗುಸಿ ಅಂತಾರೆ. ಎಲ್ಲ ಕಿತ್ತು ಹೊಸ ಗೂಡು ಕಟ್ಟುವ ಶಕ್ತಿ ಈಗ ಇಲ್ಲ. ಇರುವುದರಲ್ಲೇ ಯಾವುದನ್ನು ಮೊದಲು ಸರಿ ಮಾಡಲಿ?

ಹೆಜ್ಜೆಗುರುತು:

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಮುಂಗುಸಿ ಹಗಲು ಬೇಟೆಯಾಡುವ ಪ್ರಾಣಿ. ರಾತ್ರಿ ಬಿಲದಲ್ಲಿ ಮಲಗಿರುತ್ತದೆ. ಹಾಗಾಗಿ ನಿಮ್ಮ ಮರಿಗಳನ್ನು ಒಯ್ಯುತ್ತಿರುವುದು ಅದೇ ಇರಬಹುದು, ಆದರೆ ನಡುರಾತ್ರಿ ಗೂಡಿಗೆ ನುಗ್ಗಿದ್ದು ಅದಲ್ಲ. ರಾತ್ರಿಯ ಕಳ್ಳ ಬೇರೆ, ಹಗಲಿನ ಕಳ್ಳ ಬೇರೆ ಅಂತ ಇಟ್ಟುಕೊಂಡೇ ಹೊರಡಿ. ಎರಡಕ್ಕೂ ಒಂದೇ ಮದ್ದು ಹುಡುಕಿದರೆ ಎರಡೂ ನಿಲ್ಲುವುದಿಲ್ಲ.

ನೀವು ಬರೆದಿರುವ ಗುರುತು ನೋಡಿದರೆ ರಾತ್ರಿ ಬಂದದ್ದು ಪುನುಗು ಬೆಕ್ಕು ಅಥವಾ ಕಾಡುಬೆಕ್ಕು. ಕುತ್ತಿಗೆ ಕಚ್ಚಿ ಕೊಲ್ಲುವುದು ಇವುಗಳ ರೀತಿ. ಮುಚ್ಚಿದ ಗೂಡಿನಲ್ಲಿ ಕೋಳಿಗಳು ಗಾಬರಿಯಿಂದ ಪಟಪಟ ಹಾರಾಡಿದಷ್ಟೂ ಅವು ಹೊಟ್ಟೆಗೆ ಬೇಕಾದ್ದಕ್ಕಿಂತ ಹೆಚ್ಚು ಕೊಲ್ಲುತ್ತವೆ. ಅದಕ್ಕೇ ಎರಡು ಕೋಳಿ ತಿನ್ನದೆ ಬಿದ್ದಿವೆ. ರಕ್ತ ಕುಡಿದು ಹೋಗಿದೆ ಅಂತ ಜನ ಹೇಳುವುದು ಇದನ್ನೇ ನೋಡಿ. ಯಾವುದೂ ರಕ್ತ ಕುಡಿಯುವುದಿಲ್ಲ, ಕಚ್ಚಿದ ಜಾಗದಿಂದ ಸೋರಿ ಹೋಗಿರುತ್ತದೆ ಅಷ್ಟೆ.

ತಲೆ ಇಲ್ಲದ ಕೋಳಿ ಜಾಲರಿಗೆ ಒತ್ತಿಕೊಂಡಿತ್ತು ಅಂದಿರಲ್ಲ, ಅದನ್ನು ಹೊರಗಿನಿಂದಲೇ ಹಿಡಿದಿದೆ. ಜಾಲರಿಗೆ ತಾಗಿ ಮಲಗಿದ ಕೋಳಿಯ ತಲೆ ಕಣ್ಣಿನಿಂದ ಆಚೆ ಬಂದರೆ ಅಥವಾ ಪಂಜ ಒಳಗೆ ತೂರಿದರೆ ಎಳೆದು ಕಿತ್ತುಬಿಡುತ್ತದೆ. ಇದಕ್ಕೆ ಒಳಗೆ ಬರುವ ಅಗತ್ಯವೇ ಇಲ್ಲ.

ಉಳಿದವರಿಗೂ ಉಪಯೋಗ ಆಗಲಿ ಅಂತ ಬೇರೆ ಗುರುತುಗಳು. ಹತ್ತಾರು ಕೋಳಿ ಮೈತುಂಬ ಕಚ್ಚಿಸಿಕೊಂಡು ಅಲ್ಲಲ್ಲಿ ಬಿದ್ದಿದ್ದರೆ, ಜಾಲರಿ ಹರಿದಿದ್ದರೆ, ಅದು ನಾಯಿ. ನಾಯಿಗೆ ಅದು ಆಟ, ತಿನ್ನುವುದು ಕಡಿಮೆ. ನರಿ ಸಾಮಾನ್ಯವಾಗಿ ಒಂದು ಕೋಳಿ ಕಚ್ಚಿಕೊಂಡು ಹೋಗುತ್ತದೆ, ಹೋದ ದಾರಿಯಲ್ಲಿ ಪುಕ್ಕ ಉದುರಿರುತ್ತದೆ. ಬಯಲಲ್ಲಿ ಒಂದೇ ಜಾಗದಲ್ಲಿ ಪುಕ್ಕದ ರಾಶಿ, ಎದೆ ಮಾಂಸ ಖಾಲಿ ಅಂದರೆ ಗಿಡುಗ. ಸತ್ತ ಮರಿಯ ತಲೆ, ಭುಜ ಜೊಲ್ಲು ಹತ್ತಿದಂತೆ ಒದ್ದೆಯಾಗಿ ಪುಕ್ಕ ಅಂಟಿಕೊಂಡಿದ್ದರೆ ಹಾವು ನುಂಗಲು ನೋಡಿ ಆಗದೆ ಬಿಟ್ಟಿದೆ. ಮೊಟ್ಟೆ ಚಿಪ್ಪಿನ ಚೂರೂ ಇಲ್ಲದೆ ಮಾಯವಾದರೆ ಅದೂ ಬಹುಪಾಲು ಹಾವೇ. ಮರಿಯ ಅರ್ಧ ದೇಹ ಬಿಲದ ಬಾಯಲ್ಲಿ ಸಿಕ್ಕಿಕೊಂಡಿದ್ದರೆ ಹೆಗ್ಗಣ.

ಅನುಮಾನ ತೀರಬೇಕಾದರೆ ಗೂಡಿನ ಸುತ್ತ ಎರಡಡಿ ಅಗಲಕ್ಕೆ ಸಾಣಿಸಿದ ಮಣ್ಣು ಅಥವಾ ನುಣ್ಣನೆಯ ಮರಳನ್ನು ಅರ್ಧ ಇಂಚು ದಪ್ಪ ಹರಡಿ, ಹಲಗೆಯಿಂದ ಸಮ ಮಾಡಿ, ಸಂಜೆ ಸ್ವಲ್ಪ ನೀರು ಚಿಮುಕಿಸಿ. ಬೆಳಿಗ್ಗೆ ಕೋಳಿ ಬಿಡುವ ಮುಂಚೆ ನೋಡಬೇಕು, ಆಮೇಲೆ ನೋಡಿದರೆ ಕೋಳಿ ಹೆಜ್ಜೆ ಬಿಟ್ಟು ಬೇರೇನೂ ಇರುವುದಿಲ್ಲ. ದುಂಡಗಿನ ಹೆಜ್ಜೆ, ನಾಲ್ಕು ಬೆರಳು, ಉಗುರಿನ ಗುರುತಿಲ್ಲ ಅಂದರೆ ಕಾಡುಬೆಕ್ಕಿನಂಥ ಬೆಕ್ಕಿನ ಜಾತಿ. ಉದ್ದುದ್ದ ಹೆಜ್ಜೆ, ಉಗುರು ಊರಿದ ಗುರುತು ಇದ್ದರೆ ನಾಯಿ ಇಲ್ಲವೇ ನರಿ. ಸಣ್ಣ ಹೆಜ್ಜೆಗೆ ಉದ್ದ ಉಗುರು, ಐದು ಬೆರಳು ಕಂಡರೆ ಮುಂಗುಸಿ.

ಬೈಂಡಿಂಗ್‌ವೈರ್:

ಗುರುತು ಹಿಡಿಯುವುದು ಸರಿ, ಆದರೆ ಜಾಲರಿ ಕೆಲಸಕ್ಕೆ ಅದಕ್ಕಾಗಿ ಕಾಯಬೇಡಿ. ಒಮ್ಮೆ ರುಚಿ ಕಂಡದ್ದು ಮತ್ತೆ ಬಂದೇ ಬರುತ್ತದೆ.

ಆರು ಮೂಲೆ ಜಾಲರಿ ಕೋಳಿ ಆಚೆ ಹೋಗದಂತೆ ತಡೆಯಲು ಇರುವುದು. ಆಚೆಯಿಂದ ಬರುವುದನ್ನು ತಡೆಯುವ ಬಲ ಅದಕ್ಕಿಲ್ಲ. ತಂತಿ ತೆಳು, ಹೆಣೆದದ್ದು ತುಕ್ಕು ಹಿಡಿದ ಮೇಲೆ ನಾಯಿ ಹಲ್ಲಿಗೆ ಸಿಕ್ಕರೆ ಬಟ್ಟೆಯ ಹಾಗೆ ಹರಿಯುತ್ತದೆ. ನಿಮಗೆ ಬೇಕಿರುವುದು ಜಿಐ ವೆಲ್ಡ್ ಮೆಶ್ (ಸತು ಲೇಪಿಸಿದ ಕಬ್ಬಿಣದ ತಂತಿಗಳನ್ನು ಬೆಸೆದ ಚೌಕ ಕಣ್ಣಿನ ಜಾಲರಿ), ಕಣ್ಣು ಅರ್ಧ ಇಂಚು, ತಂತಿ 19 ಗೇಜ್ ಅಥವಾ ಅದಕ್ಕಿಂತ ದಪ್ಪ. ನೆನಪಿರಲಿ, ಗೇಜ್ ಸಂಖ್ಯೆ ಇಳಿದಷ್ಟೂ ತಂತಿ ದಪ್ಪ. ನಾಯಿ ಕಾಟ ಇದ್ದರೆ ಕೆಳಗಿನ ಮೂರಡಿಗೆ 16 ಗೇಜ್ ಹಾಕಿ. ಹಳೆ ಜಾಲರಿ ಕೀಳಬೇಡಿ, ಅದರ ಮೇಲೆಯೇ ಹೊರಗಿನಿಂದ ಹೊಡೆಯಿರಿ. ಹೊರಗಿನಿಂದಲೇ ಯಾಕೆ ಅಂದರೆ, ಪ್ರಾಣಿ ತಳ್ಳಿದಾಗ ಮೆಶ್ ಕಂಬಕ್ಕೆ ಒತ್ತಿಕೊಳ್ಳಬೇಕು. ಒಳಗಿನಿಂದ ಹೊಡೆದಿದ್ದರೆ ತಳ್ಳಿದಷ್ಟೂ ಮೊಳೆ ಕಿತ್ತು ಬರುತ್ತದೆ.

ಯು ಮೊಳೆ ಒಂದನ್ನೇ ನಂಬಬೇಡಿ. ಹಸಿ ಮರ ಒಣಗಿ ಕುಗ್ಗಿದ ಮೇಲೆ ಅದು ಸಡಿಲವಾಗುತ್ತದೆ. ಮೆಶ್ ಮೇಲೆ ಒಂದೂವರೆ ಇಂಚಿನ ಮರದ ಪಟ್ಟಿ ಇಟ್ಟು, ಆರು ಇಂಚಿಗೆ ಒಂದರಂತೆ ವಾಷರ್ ಹಾಕಿ ಸ್ಕ್ರೂ ಬಿಗಿಯಿರಿ. ಎರಡು ತುಂಡು ಸೇರುವ ಕಡೆ ನಾಲ್ಕು ಇಂಚು ಒಂದರ ಮೇಲೊಂದು ಬರಲಿ, ಅಲ್ಲಿ ಬೈಂಡಿಂಗ್ ವೈರಿನಿಂದ ಹೊಲಿಯಿರಿ.

ಈಗ ಬುಡ. ಬುಡದಲ್ಲಿ ಕೆದರಿದೆ ಅಂದರೆ ಮುಂದಿನ ಸಲ ಅಲ್ಲಿಂದಲೇ ಬರುತ್ತದೆ. ಕೆಲವರು ಎರಡಡಿ ಕಾಲುವೆ ತೋಡಿ ಮೆಶ್ ಹೂಳಿ ಅಂತಾರೆ. ನನ್ನ ಪ್ರಕಾರ ಅಷ್ಟು ಅಗೆತ ದಂಡ. ತೋಡುವ ಪ್ರಾಣಿ ಯಾವಾಗಲೂ ಗೋಡೆಯ ಬುಡಕ್ಕೆ ಮೂತಿ ಇಟ್ಟು ಅಲ್ಲೇ ತೋಡುತ್ತದೆ, ಎರಡಡಿ ಹಿಂದೆ ಸರಿದು ಸುರಂಗ ಶುರು ಮಾಡುವ ಬುದ್ಧಿ ಓಡುವುದಿಲ್ಲ. ಅದರ ಕಾಲ ಕೆಳಗೇ ಮೆಶ್ ಮಲಗಿಸಿದರೆ ಸಾಕು. 3 ಅಡಿ ಅಗಲದ ರೋಲ್ ತಂದು, 1 ಅಡಿ ಗೋಡೆಗೆ ಎತ್ತಿ ಹೊಡೆದು, 2 ಅಡಿ ಹೊರಗೆ ನೆಲದ ಮೇಲೆ ಮಡಚಿ ಹಾಸಿ. ಹುಲ್ಲು ಹೆರೆದು ನೆಲ ಸಮ ಮಾಡಿಕೊಂಡರೆ ಒಳ್ಳೆಯದು. ಒಂದೊಂದು ಅಡಿಗೆ ಯು ಆಕಾರಕ್ಕೆ ಬಗ್ಗಿಸಿದ ದಪ್ಪ ತಂತಿಯ ಗೂಟ ಹೊಡೆದು, ಮೇಲೆ ಎರಡು ಇಂಚು ಮಣ್ಣು ಎಳೆಯಿರಿ. ಕೆಲವೇ ವಾರದಲ್ಲಿ ಹುಲ್ಲಿನ ಬೇರು ಹೆಣೆದುಕೊಂಡು ಗಟ್ಟಿಯಾಗುತ್ತದೆ.

ಲೆಕ್ಕ: ನಿಮ್ಮ ಗೂಡಿನ ಸುತ್ತಳತೆ 32 ಅಡಿ. ಮೂಲೆಗಳಲ್ಲಿ ಖಾಲಿ ಉಳಿಯುವ 2 ಅಡಿ ಚೌಕಕ್ಕೆ ನಾಲ್ಕು ತುಂಡು, ಅದಕ್ಕೆ 8 ಅಡಿ. ಒಟ್ಟು 40, ತುಂಡುಗಳು ಒಂದರ ಮೇಲೊಂದು ಬರುವ ಭಾಗ ಸೇರಿದರೂ ಬುಡದ ಈ ಕೆಲಸಕ್ಕೆ 50 ಅಡಿಯ ಒಂದು ರೋಲ್ ಸಾಕಾಗುತ್ತದೆ. ಮೂಲೆ ತುಂಡನ್ನು ಬಿಡುವವರೇ ಹೆಚ್ಚು, ಪ್ರಾಣಿ ಬರುವುದೂ ಅಲ್ಲಿಂದಲೇ.

ಬಾಗಿಲ ಹೊಸ್ತಿಲಲ್ಲಿ ಮಣ್ಣು ಇರಬಾರದು. ಚಪ್ಪಡಿ ಕಲ್ಲು ಅಥವಾ ಕಾಂಕ್ರೀಟ್ ಪಟ್ಟಿ ಹಾಕಿ. ಬಾಗಿಲಿನ ಸುತ್ತ ಸಂದು ಅರ್ಧ ಇಂಚು ದಾಟಬಾರದು. ಚಿಲಕ ಒಂದಲ್ಲ, ಮೇಲೊಂದು ಕೆಳಗೊಂದು. ಒಂದೇ ಇದ್ದರೆ ಕೆಳಮೂಲೆಯನ್ನು ನಾಯಿ ಮೂತಿಯಿಂದ ಮೀಟಿ ಸಂದು ಮಾಡಿಕೊಳ್ಳುತ್ತದೆ.

ಇನ್ನು ತಗಡು. ಅಲೆ ಶೀಟು ಅಡ್ಡಪಟ್ಟಿಯ ಮೇಲೆ ಕೂತಾಗ ಪ್ರತಿ ಅಲೆಯ ಕೆಳಗೂ ಒಂದು ಕಮಾನು ಸಂದು ಉಳಿಯುತ್ತದೆ, ನೋಡಿ. ಹತ್ತುವ ಪ್ರಾಣಿಗೆ ಅದೇ ಬಾಗಿಲು. ಅದನ್ನು ಸಿಮೆಂಟಿನಿಂದ ಮುಚ್ಚಬೇಡಿ, ಗೂಡಿನ ಬಿಸಿ ಗಾಳಿ, ಹಿಕ್ಕೆಯ ಘಾಟು ಹೋಗುವುದು ಅಲ್ಲಿಂದಲೇ. ಆರು ಇಂಚು ಅಗಲದ ಮೆಶ್ ಪಟ್ಟಿ ಕತ್ತರಿಸಿ ಉದ್ದಕ್ಕೂ ಹೊಡೆಯಿರಿ. ಗೂಡಿನ ಮೇಲೆ ಬಾಗಿದ ಕೊಂಬೆ ಇದ್ದರೆ ಆರೇಳು ಅಡಿ ಹಿಂದಕ್ಕೆ ಕಡಿಯಿರಿ.

ಎಲ್ಲ ಮುಗಿದ ಮೇಲೆ ಕತ್ತಲಾದಾಗ ಒಬ್ಬರು ಒಳಗೆ ಟಾರ್ಚ್ ಹಿಡಿದು ಗೋಡೆಯುದ್ದಕ್ಕೂ ಬೆಳಕು ಬಿಡಲಿ, ಇನ್ನೊಬ್ಬರು ಹೊರಗೆ ಸುತ್ತು ಬರಲಿ. ಮೆಶ್ ಇಲ್ಲದ ಕಡೆ ಬೆಳಕು ಸೋರಿದರೆ ಸೀಮೆಸುಣ್ಣದಿಂದ ಗುರುತು ಹಾಕಿ. ಅಲ್ಲಿ ನಿಮ್ಮ ಹೆಬ್ಬೆರಳು ತೂರಿದರೆ ಆ ಸಂದು ದೊಡ್ಡದು.

ಬದುವಿನಬಳ್ಳಿ:

ಇಬ್ಬರಿಗೂ ಧನ್ಯವಾದ. ಮರಳು ಹರಡಿ ನೋಡಿದೆ, ದುಂಡಗಿನ ಹೆಜ್ಜೆ, ಉಗುರಿಲ್ಲ. ಮೆಶ್ ಕೆಲಸ ಶುರು ಮಾಡುತ್ತೇನೆ. ಎರಡು ಪ್ರಶ್ನೆ ಉಳಿದಿವೆ. ಒಳಗೆ ಕೋಳಿ ಕೂರುವ ಗಳು ಈಗ ಜಾಲರಿಗೆ ಅಂಟಿಕೊಂಡೇ ಇದೆ, ಎಲ್ಲಿ ಹಾಕಲಿ? ಎರಡನೆಯದು ಹಾವು. ಗೂಡಿನ ಹಿಂದೆ ಪೊರೆ ಸಿಕ್ಕಿದೆ. ನುಸಿ ಗುಳಿಗೆ, ಗಂಧಕ ಹಾಕಿದರೆ ಬರುವುದಿಲ್ಲ ಅನ್ನುತ್ತಾರೆ, ನಿಜವೇ?

ಹೆಜ್ಜೆಗುರುತು:

ನುಸಿ ಗುಳಿಗೆ ಹಾವಿನ ಮೇಲೆ ಕೆಲಸ ಮಾಡುವುದಿಲ್ಲ, ಗಂಧಕವೂ ಅಷ್ಟೆ. ಗುಳಿಗೆಯನ್ನು ಕೋಳಿ ಕುಕ್ಕಿದರೆ ಕೋಳಿಗೇ ವಿಷ. ಅವೆರಡನ್ನೂ ಬಿಟ್ಟುಬಿಡಿ.

ಹಾವು ಬರುವುದು ಮೊದಲು ಇಲಿಗೆ, ಆಮೇಲೆ ಮೊಟ್ಟೆ, ಮರಿಗೆ. ಇಲಿ ಬರುವುದು ಕಾಳಿಗೆ. ಆದ್ದರಿಂದ ಕತ್ತಲಾಗುವ ಮುಂಚೆ ಮೇವಿನ ತಟ್ಟೆ ಎತ್ತಿ ಮುಚ್ಚಳವಿರುವ ತಗಡಿನ ಡಬ್ಬಕ್ಕೆ ಸುರಿಯಿರಿ, ಚೆಲ್ಲಿದ್ದನ್ನು ಗುಡಿಸಿ. ಪ್ಲಾಸ್ಟಿಕ್ ಡ್ರಮ್ಮನ್ನು ಹೆಗ್ಗಣ ಒಂದೇ ರಾತ್ರಿಯಲ್ಲಿ ಕಡಿಯಬಲ್ಲದು. ಮೊಟ್ಟೆ ದಿನಕ್ಕೆ ಎರಡು ಸಲ ತೆಗೆಯಿರಿ, ಎರಡನೆಯದು ಸಂಜೆಯೇ ಆಗಲಿ. ಗೂಡಿನ ಸುತ್ತ ಹತ್ತಡಿ ಕಲ್ಲುರಾಶಿ, ಸೌದೆ, ಹಳೆ ತಗಡು ಯಾವುದೂ ಬೇಡ.

ಇಲಿ ಪಾಷಾಣ ಇಡಬೇಡಿ. ವಿಷ ತಿಂದ ಇಲಿಯನ್ನು ಕೋಳಿಯೂ ಕುಕ್ಕುತ್ತದೆ, ನಾಯಿಯೂ ತಿನ್ನುತ್ತದೆ, ಇಲಿ ಹಿಡಿಯುವ ಗೂಬೆಯೂ ಸಾಯುತ್ತದೆ. ಗೂಬೆ ಹೋದ ಮೇಲೆ ಇಲಿ ಇನ್ನೂ ಜಾಸ್ತಿ. ಬೋನು ಇಡುವುದಾದರೆ ಕೋಳಿ ಮೂತಿ ಹಾಕಲಾಗದ ಪೆಟ್ಟಿಗೆಯೊಳಗೆ ಇಡಿ. ಪುನುಗು, ಕಾಡುಬೆಕ್ಕು, ಮುಂಗುಸಿಗೆ ವಿಷ ಹಾಕುವ ಯೋಚನೆ ಇದ್ದರೆ ಅದನ್ನೂ ಬಿಡಿ. ಬಹಳ ಕಡೆ ಕಾನೂನು ಅವಕ್ಕೆ ರಕ್ಷಣೆ ಕೊಟ್ಟಿದೆ, ಮೇಲಾಗಿ ಒಂದನ್ನು ಕೊಂದರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ. ತೂತು ಮುಚ್ಚದೆ ಪ್ರಾಣಿ ಕೊಂದು ಪ್ರಯೋಜನವಿಲ್ಲ.

ಅರ್ಧ ಇಂಚಿನ ಕಣ್ಣಲ್ಲಿ ದೊಡ್ಡ ಹಾವು ತೂರುವುದಿಲ್ಲ, ಸಣ್ಣದು ತೂರುತ್ತದೆ. ಮರಿ ಮಲಗುವ ಭಾಗಕ್ಕೆ, ನೆಲದಿಂದ ಎರಡಡಿವರೆಗೆ ಕಾಲು ಇಂಚಿನ ಮೆಶ್ ಹೆಚ್ಚುವರಿಯಾಗಿ ಹಾಕಿ. ಇಡೀ ಗೂಡಿಗೆ ಕಾಲು ಇಂಚಿನದು ಬೇಡ, ಧೂಳು, ಪುಕ್ಕ ಕಟ್ಟಿಕೊಂಡು ಗಾಳಿ ನಿಲ್ಲುತ್ತದೆ. ಸಂದಿಯಿಂದ ಬಂದ ಹಾವು ಮರಿ ನುಂಗಿದ ಮೇಲೆ ಹೊಟ್ಟೆ ಉಬ್ಬಿ ಅದೇ ಸಂದಿಯಲ್ಲಿ ಆಚೆ ಹೋಗಲಾಗದೆ ಒಳಗೇ ಸುತ್ತಿಕೊಂಡಿರುತ್ತದೆ. ಆದ್ದರಿಂದ ಟಾರ್ಚ್ ಬಿಡದೆ ಮೊಟ್ಟೆ ಪೆಟ್ಟಿಗೆಗೆ ಕೈ ಹಾಕಬೇಡಿ. ಕಂಡರೆ ಬಾಗಿಲು ತೆರೆದಿಟ್ಟು ದೂರ ನಿಲ್ಲಿ, ಹಾವು ಹಿಡಿಯಲು ಬಲ್ಲವರನ್ನು ಕರೆಯಿರಿ.

ಗಳುವಿನ ಬಗ್ಗೆ: ಕೋಳಿಗೆ ಎಂಟು ಇಂಚು ಜಾಗ ಬೇಕು, 25ಕ್ಕೆ ಸುಮಾರು 17 ಅಡಿ. 10 ಅಡಿಯ ಎರಡು ಗಳು ಹಾಕಿದರೆ ಆಯಿತು. ಹಿಂದಿನ ಗೋಡೆಯಿಂದ ಮೊದಲನೆಯದು ಒಂದೂವರೆ ಅಡಿ, ಅಲ್ಲಿಂದ ಎರಡನೆಯದು ಇನ್ನೊಂದೂವರೆ ಅಡಿ. ಎರಡೂ ಒಂದೇ ಎತ್ತರದಲ್ಲಿರಲಿ, ಎರಡೂವರೆ ಅಡಿ ಸಾಕು. ಒಂದು ಮೇಲೆ ಒಂದು ಕೆಳಗೆ ಮಾಡಿದರೆ ಎಲ್ಲವೂ ಮೇಲಿನದಕ್ಕೇ ಕಿತ್ತಾಡುತ್ತವೆ, ಸೋತದ್ದು ಮತ್ತೆ ಜಾಲರಿ ಪಕ್ಕ ಹೋಗಿ ಕೂರುತ್ತದೆ. ಗಳುವಿನ ಎರಡು ತುದಿಗೂ ಒಂದೊಂದು ಅಡಿ ಹಲಗೆ ಅಡ್ಡ ಹೊಡೆಯಿರಿ, ಏಕೆಂದರೆ ತುದಿಯ ಕೋಳಿ ಪಕ್ಕದ ಜಾಲರಿಗೆ ತಾಗುತ್ತದೆ.

ಮರಿಮಂಕರಿ:

ಹಗಲಿನ ವಿಷಯ ಯಾರೂ ಬಿಡಿಸಿ ಹೇಳಲಿಲ್ಲ. ಪುಕ್ಕವೂ ಇಲ್ಲದೆ ಮರಿ ಮಾಯ ಅಂದರೆ ಮೂರು ಸಾಧ್ಯತೆ: ಗಿಡುಗ ಅಥವಾ ಹದ್ದು ಎತ್ತಿಕೊಂಡು ಹಾರಿದೆ, ಮುಂಗುಸಿ ಪೊದೆಗೆ ಎಳೆದಿದೆ, ಇಲ್ಲ ಕಾಗೆ. ಮೊದಲ ಎರಡು ವಾರದ ಮರಿಗೆ ಕಾಗೆ ಸಾಕು, ಕೆಂಬೂತವೂ ಬಿಡುವುದಿಲ್ಲ. ಹೇಂಟೆ ಎಷ್ಟೇ ಜಗಳಗಂಟಿಯಾದರೂ ಮರಿಗಳು ಚದುರಿದಾಗ ಒಂದನ್ನೇ ಕಾಯಬಲ್ಲದು.

ಆದ್ದರಿಂದ ಮರಿಗಳಿಗೆ ಆರು ವಾರ ತುಂಬುವವರೆಗೆ ಬಯಲು ಬೇಡ. 6 ಅಡಿ ಉದ್ದ, 3 ಅಡಿ ಅಗಲ, 2 ಅಡಿ ಎತ್ತರದ ಚೌಕಟ್ಟು ಮಾಡಿ, ಮೇಲೂ ಸುತ್ತಲೂ ಅರ್ಧ ಇಂಚಿನ ವೆಲ್ಡ್ ಮೆಶ್. ತಳ ಖಾಲಿ, ಆದರೆ ಸುತ್ತ ಒಂದಡಿ ಮೆಶ್ ಸೆರಗು ಹೊರಕ್ಕೆ ಹಾಸಿ ಕಲ್ಲು ಹೇರಿ. ಮೂರನೇ ಒಂದು ಭಾಗಕ್ಕೆ ಗೋಣಿ ಅಥವಾ ಗರಿ ಹೊದಿಸಿ ನೆರಳು ಮಾಡಿ. ಇಬ್ಬರು ಹಿಡಿದು ದಿನಾ ಹೊಸ ಜಾಗಕ್ಕೆ ಎತ್ತಿಡಬೇಕು, ಇಲ್ಲದಿದ್ದರೆ ಹಿಕ್ಕೆ ತುಂಬಿ ಮರಿಗಳಿಗೆ ರಕ್ತಭೇದಿ ಶುರುವಾಗುತ್ತದೆ. ನೆಲ ಏರುಪೇರಿದ್ದರೆ ಒಂದು ಮೂಲೆ ಎತ್ತಿಕೊಂಡಿರುತ್ತದೆ, ಮರಿ ಅಲ್ಲಿಂದ ನುಸುಳಿ ಆಚೆ ಹೋಗುತ್ತದೆ. ಇಟ್ಟ ಮೇಲೆ ಸುತ್ತಲೂ ಬಗ್ಗಿ ನೋಡಿ. ರಾತ್ರಿಗೆ ತಾಯಿ, ಮರಿ ಎರಡೂ ಗೂಡಿನೊಳಗೆ.

ದೊಡ್ಡ ಕೋಳಿಗಳಿಗೆ ಕಾಲು ಎಕರೆ ಪೂರ್ತಿ ಬಲೆ ಕಟ್ಟುವುದು ಆಗದ ಮಾತು. ಗೂಡಿನ ಮುಂದೆ 20 ಅಡಿ ಚೌಕಕ್ಕೆ ಮಾತ್ರ ಎರಡು ಇಂಚು ಕಣ್ಣಿನ ನೈಲಾನ್ ಬಲೆ ಕಟ್ಟಿ, ಎತ್ತರ ಆರೂವರೆ ಅಡಿ. ಹತ್ತಡಿಗೊಂದು ಕಂಬ, ಕಂಬಗಳ ನಡುವೆ ತಂತಿ ಎಳೆದು ಅದರ ಮೇಲೆ ಬಲೆ ಹಾಸಬೇಕು. ತಂತಿ ಇಲ್ಲದೆ ಬರೀ ಬಲೆ ಕಟ್ಟಿದರೆ ಎಲೆ ಬಿದ್ದು, ಮಳೆಗೆ ತೂಕ ಬಂದು ಜೋತು ಹರಿಯುತ್ತದೆ. ಬಲೆಯ ಅಂಚನ್ನು ನೆಲದವರೆಗೆ ಇಳಿಬಿಡಬೇಡಿ, ಹಾವು ಸಿಕ್ಕಿಕೊಳ್ಳುತ್ತದೆ. ಅದನ್ನು ಬಿಡಿಸುವ ಕೆಲಸ ಯಾರಿಗೂ ಬೇಡ.

ಉಳಿದ ಬಯಲಲ್ಲಿ ಹದಿನೈದು ಇಪ್ಪತ್ತು ಅಡಿಗೊಂದು ಆಸರೆ ಬೇಕು. ಒಂದೂವರೆ ಅಡಿ ಎತ್ತರದ ನಾಲ್ಕು ಗೂಟದ ಮೇಲೆ ಹಲಗೆ ಅಥವಾ ಗರಿ ಹಾಕಿದರೂ ಸಾಕು, ಎರಡು ಕಡೆ ತೆರೆದಿರಲಿ. ಹುಂಜ ಕೂಗಿ ಎಚ್ಚರಿಸಿದ ಕೂಡಲೇ ಓಡಿ ನುಗ್ಗಲು ಜಾಗ ಇಲ್ಲದಿದ್ದರೆ ಆ ಕೂಗಿನಿಂದ ಏನೂ ಆಗುವುದಿಲ್ಲ. ದಟ್ಟ ಪೊದೆಯೇ ಆಸರೆ ಅಂತ ಬಿಡಬೇಡಿ, ಅದರಲ್ಲಿ ಮುಂಗುಸಿ ಕೂತಿರುತ್ತದೆ. ಬೇಲಿಗೆ ತಾಗಿದ ಆರಡಿ ಅಗಲವನ್ನು ಬೋಳಾಗಿ ಇಡಿ.

ಹೊಳೆಯುವ ಸಿಡಿ, ಬೆದರುಬೊಂಬೆ, ಮಿಣುಕು ದೀಪ ಇವೆಲ್ಲ ಕೆಲವು ದಿನ ಕೆಲಸ ಮಾಡುತ್ತವೆ. ಜಾಗ ಬದಲಿಸುತ್ತಿದ್ದರೆ ಇನ್ನಷ್ಟು ದಿನ. ಆಮೇಲೆ ಅದೇ ಬೊಂಬೆಯ ತಲೆ ಮೇಲೆ ಕಾಗೆ ಕೂರುತ್ತದೆ.

ಐದುಕಿಲೋವೋಲ್ಟ್:

ಮೆಶ್ ಹಾಕಿದ ಮೇಲೂ ನಾಯಿ, ನರಿ ಸುತ್ತುತ್ತಿದ್ದರೆ ಗೂಡಿನ ಹೊರಗೆ ಎರಡು ಎಳೆ ಸೋಲಾರ್ ಬೇಲಿ ಸೇರಿಸಿ. ನೆಲದಿಂದ 6 ಇಂಚಿಗೆ ಒಂದು, 12 ಇಂಚಿಗೆ ಒಂದು, ಗೋಡೆಯಿಂದ 8 ಇಂಚು ಆಚೆ. ಹತ್ತುವ ಪ್ರಾಣಿಗೆ ಗೋಡೆಯ ಮೇಲ್ತುದಿಯಲ್ಲಿ ಇನ್ನೊಂದು ಎಳೆ. ಪ್ರಾಣಿ ಮೊದಲು ಮೂಗಿನಿಂದ ಮುಟ್ಟುವುದು, ಒದ್ದೆ ಮೂಗಿಗೆ ಹೊಡೆದರೆ ಮತ್ತೆ ಬರುವುದಿಲ್ಲ. ಮೈಗೆ ತಾಗಿದರೆ ಕೂದಲು ತಡೆಯುತ್ತದೆ, ಹಾಗಾಗಿ ಎಳೆಯ ಎತ್ತರ ಮುಖ್ಯ.

ಈ ಗಾತ್ರಕ್ಕೆ ಅರ್ಧ ಜೂಲ್ ಶಕ್ತಿಯ ಎನರ್ಜೈಸರ್ (ಬೇಲಿ ತಂತಿಗೆ ಬಿಟ್ಟು ಬಿಟ್ಟು ಕರೆಂಟು ಹೊಡೆಯುವ ಪೆಟ್ಟಿಗೆ) ಧಾರಾಳ. ತಂತಿಯ ಕೊನೆಯ ತುದಿಯಲ್ಲಿ ಬೇಲಿಯ ವೋಲ್ಟ್ ಅಳೆಯುವ ಟೆಸ್ಟರ್ ಇಟ್ಟಾಗ 3000 ವೋಲ್ಟ್‌ಗಿಂತ ಕಡಿಮೆ ತೋರಿಸಬಾರದು. ಕಡಿಮೆ ತೋರಿಸಿದರೆ ಹತ್ತಕ್ಕೆ ಒಂಬತ್ತು ಸಲ ಕಾರಣ ಎರಡೇ: ಹುಲ್ಲು ತಂತಿಗೆ ತಾಗಿದೆ ಅಥವಾ ಅರ್ತ್ ಸರಿ ಇಲ್ಲ. ನಾಲ್ಕಡಿಯ ಜಿಐ ರಾಡ್ ಮೂರು, ಹತ್ತತ್ತು ಅಡಿ ದೂರದಲ್ಲಿ ಹೊಡೆದು ಒಂದೇ ತಂತಿಯಿಂದ ಜೋಡಿಸಿ. ಬೇಸಿಗೆಯಲ್ಲಿ ನೆಲ ಒಣಗಿದಾಗ ರಾಡ್ ಬುಡಕ್ಕೆ ನೀರು ಹಾಕಬೇಕು.

ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಕೊಡುವುದು ಮಾತ್ರ ಯಾವ ಕಾರಣಕ್ಕೂ ಬೇಡ. ಎನರ್ಜೈಸರ್ ಸುಮಾರು ಸೆಕೆಂಡಿಗೊಮ್ಮೆ, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಮಾತ್ರ ಹೊಡೆಯುತ್ತದೆ, ಮುಟ್ಟಿದವರು ಬಿಡಿಸಿಕೊಳ್ಳಬಹುದು. ಮನೆ ಕರೆಂಟು ಹಿಡಿದುಕೊಂಡೇ ಇರುತ್ತದೆ. ಸಾಯುವುದು ಮಗುವೋ, ದನವೋ, ನೀವೇನೋ ಹೇಳಲಾಗದು.

ಬದುವಿನಬಳ್ಳಿ:

ಎಲ್ಲರಿಗೂ ತುಂಬಾ ಉಪಕಾರ. ಸಂಜೆ ಬಾಗಿಲು ಮುಚ್ಚಲು ತಾನಾಗಿ ಇಳಿಯುವ ಮೋಟಾರ್ ಬಾಗಿಲು ಹಾಕಿದರೆ ಹೇಗೆ? ಕೆಲವು ದಿನ ಕತ್ತಲಾದ ಮೇಲೆ ತೋಟದಲ್ಲಿ ಯಾರೂ ಇರುವುದಿಲ್ಲ.

ಬೈಂಡಿಂಗ್‌ವೈರ್:

ಹಾಕಬಹುದು. ಬೆಳಕು ನೋಡಿ ಇಳಿಯುವುದಕ್ಕಿಂತ ಗಂಟೆ ನೋಡಿ ಇಳಿಯುವುದು ಮೇಲು. ಮೋಡ ಕವಿದ ಸಂಜೆ ಬೆಳಕಿನದು ಬೇಗ ಇಳಿದು ನಾಲ್ಕು ಕೋಳಿಯನ್ನು ಆಚೆಯೇ ಬಿಡುತ್ತದೆ. ಸೂರ್ಯ ಮುಳುಗಿ ಅರ್ಧ ಗಂಟೆಗೆ ಹೊಂದಿಸಿ, ಹೊತ್ತು ಬದಲಾದಂತೆ ತಿಂಗಳಿಗೊಮ್ಮೆ ತಿದ್ದಿ. ಬಾಗಿಲು ಎರಡು ಬದಿಯ ತೋಡಿನಲ್ಲಿ ಜಾರಬೇಕು. ಹುಲ್ಲು, ಹಿಕ್ಕೆ ಸೇರಿ ಕೆಳಗಿನ ತೋಡು ತುಂಬಿದರೆ ಒಂದು ಇಂಚು ಮೇಲೇ ನಿಂತುಬಿಡುತ್ತದೆ. ಆದ್ದರಿಂದ ಕೆಳಗಡೆ ತೋಡು ಇಡದೆ ಬಾಗಿಲು ಹೊಸ್ತಿಲ ಕಲ್ಲಿನ ಹಿಂದೆ ಅರ್ಧ ಇಂಚು ಇಳಿಯುವ ಹಾಗೆ ಮಾಡಿ. ಹೊಸದಾಗಿ ಗೂಡಿಗೆ ಸೇರಿಸಿದ ಎಳೆ ಕೋಳಿಗಳು ಮೊದಲ ಎರಡು ವಾರ ತಡವಾಗಿ ಒಳಗೆ ಬರುತ್ತವೆ. ಆ ದಿನಗಳಲ್ಲಿ ಮೋಟಾರ್ ಇದ್ದರೂ ಯಾರಾದರೊಬ್ಬರು ಹೋಗಿ ಎಣಿಸಿ ಬರಲೇಬೇಕು.